ಮಂಗಳವಾರದ ನೀರು

ಸೆಪ್ಟೆಂಬರ್ 30, ಸೋಮವಾರ

ನಾನು ಸಫಿಯಾ. ಗುರುಪುರದ ದಿವಂಗತ ಮೊಹಿದ್ದೀನ್ ಹಾಜಿಯವರ ಹೆಂಡತಿ. ನಮ್ಮ ಕೇರಿಯ ಬ್ಯಾರಿ ಹೆಣ್ಣುಮಕ್ಕಳಲ್ಲಿ ಹತ್ತನೇ ತರಗತಿ ಪಾಸಾದ ಮೊದಲನೆಯವಳು. ಹಜ್ ಮಾಡಿದ್ದೇನೆ. ಗಂಡನ ಮೂವರು ತಂಗಿಯರಿಗೆ ಮದುವೆ ಮಾಡಿಸಿ ಕಳುಹಿಸಿದ್ದೇನೆ. ಈಗ ಸೌದಿಯ ಅಲ್ ಖೋಬರಿನಲ್ಲಿ ಮಗ ಮುನವ್ವರನ ಮನೆಯಲ್ಲಿದ್ದೇನೆ. ಇಲ್ಲಿಯ ವಾಸದ ಪರವಾನಗಿ ಇಕಾಮಾದಲ್ಲಿ ನನ್ನನ್ನು ಮಗನ ಅವಲಂಬಿತೆ ಎಂದು ಬರೆದಿದ್ದಾರೆ. ಸರಕಾರದವರು ಬೇಕಾದ್ದು ಬರೆದುಕೊಳ್ಳಲಿ. ಈ ಮನೆಗೆ ಯಾವ ಮೀನು ಬರಬೇಕು, ಯಾವ ನೆಂಟರು ಬರಬೇಕು ಎಂದು ಹೇಳುವವಳು ನಾನು.

ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ. ಬರೆಯಲು ಶಾಲೆ ನನಗೆ ಕೊಟ್ಟದ್ದು ಕನ್ನಡ. ಮಗ ಇಂಗ್ಲಿಷಿನಲ್ಲಿ ಓದಿದವನು. ಸೊಸೆ ಭಟ್ಕಳದ ನವಾಯತರವಳು, ಉರ್ದು ಶಾಲೆಗೆ ಹೋದವಳು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಅರ್ಧ ಮಾತ್ರ ಬರುತ್ತದೆ, ಹಾಗಾಗಿ ನಾವಿಬ್ಬರೂ ಕನ್ನಡದಲ್ಲಿ ಮಾತಾಡಿಕೊಳ್ಳುತ್ತೇವೆ. ಕಡಿಮೆ ಮಾತಾಡಲು ಅದೊಂದು ಅನುಕೂಲ. ಅವಳಿಗೆ ಕನ್ನಡ ಅಕ್ಷರ ಕೂಡಿಸಿ ಓದುವ ತಾಳ್ಮೆಯಿಲ್ಲ. ಮೊಮ್ಮಗಳು ಲುಜೈನ್ ಜರ್ಮನ್ ಶಾಲೆಯಲ್ಲಿ, ಅವಳಿಗೆ ಓದಲು ಬರುವುದು ಜರ್ಮನ್ ಮತ್ತು ಇಂಗ್ಲಿಷ್. ಇಲ್ಲಿ ಬರೆದದ್ದನ್ನು ಯಾರೂ ಓದುವವರಿಲ್ಲ. ಇದ್ದಿದ್ದರೆ ಮುಂದಿನ ಸಾಲು ಬರೆಯುತ್ತಿರಲಿಲ್ಲ.

ನನಗೆ ಹೆದರಿಕೆಯಾಗಿದೆ.

ಊಟಕ್ಕೆ ಕುಳಿತಾಗ ಲುಜೈನ್ ಹೇಳಿದಳು, "ಉಮ್ಮಮ್ಮ, ಮುಂದಿನ ಮಂಗಳವಾರದಿಂದ ನಮಗೆ ಈಜು. ಶಾಲೆಯಲ್ಲೇ ಕೊಳ ಉಂಟಲ್ಲ, ಅದರಲ್ಲಿ."

ತುತ್ತು ಕೈಯಲ್ಲೇ ಉಳಿಯಿತು. "ನೀನು ಇಳಿಯುವುದಿಲ್ಲ," ಎಂದೆ.

"ಇಳಿಯದಿದ್ದರೆ ಫೇಲ್."

"ಫೇಲಾಗು."

ಮುನವ್ವರ್ ಫೋನಿನಲ್ಲಿದ್ದ. ಅವನು ಅಬ್ಕೈಕ್‌ನಲ್ಲಿ ಜರ್ಮನ್ ಕಂಪನಿಯೊಂದರ ಪಂಪುಗಳನ್ನು ನೋಡಿಕೊಳ್ಳುವ ಎಂಜಿನಿಯರ್. ವಾರವೆಲ್ಲ ಕ್ಯಾಂಪಿನಲ್ಲಿದ್ದು ಗುರುವಾರ ಸಂಜೆ ಮನೆಗೆ ಬರುತ್ತಾನೆ. "ಉಮ್ಮ, ಅದು ಶಾಲೆಯ ನಿಯಮ. ಮೂರನೇ ತರಗತಿಯವರೆಲ್ಲ ಕಲಿಯಲೇಬೇಕು. ಅವರಿಗೆ ಮಗ್ಗಿ ಹೇಗೋ ಈಜೂ ಹಾಗೆ," ಎಂದ.

"ಮಗ್ಗಿ ತಪ್ಪಿದರೆ ಯಾರೂ ಸಾಯುವುದಿಲ್ಲ," ಎಂದೆ.

ಭಟ್ಕಳದವಳು ನಾನು ಕೇಳದಿದ್ದರೂ ನನ್ನ ತಟ್ಟೆಗೆ ಸಾರು ಬಡಿಸಿದಳು.

ಅಕ್ಟೋಬರ್ 2, ಬುಧವಾರ

ಮೂರು ಮದುವೆ ಮಾಡಿಸಿದವಳು ಒಬ್ಬ ಟೀಚರಿಗೆ ಹೆದರಬೇಕಾದ್ದಿಲ್ಲ. ಶಾಲೆಗೇ ಹೋದೆ. ಭಟ್ಕಳದವಳು ಕಾರು ಓಡಿಸಿದಳು. ಹೆಂಗಸು ಓಡಿಸುವ ಕಾರಿನಲ್ಲಿ ನಾನು ಹಿಂದಿನ ಸೀಟಿನಲ್ಲೇ ಕೂರುವುದು. ಅವಳಿಗೆ ಹೊರಗೆ ಕಾಯಲು ಹೇಳಿ ಒಳಗೆ ನಡೆದೆ.

ಹಳೆಯ ಶಾಲೆ ಅದು. ನನ್ನ ಗಂಡ ಖೋಬರಿಗೆ ಬಂದು ದಿನಸಿ ಅಂಗಡಿ ಇಟ್ಟಾಗಲೇ ಇತ್ತು; ಜರ್ಮನರು ಇವರ ಅಂಗಡಿಯಿಂದ ಏಲಕ್ಕಿ ಕೊಳ್ಳುತ್ತಿದ್ದರಂತೆ. ಹಜಾರದ ಉದ್ದಕ್ಕೂ ವರ್ಷಕ್ಕೊಂದರಂತೆ ಗುಂಪು ಫೋಟೋಗಳು. ಮೊದಲನೆಯದರಲ್ಲಿ ಮರದ ಶೆಡ್ಡಿನ ಮುಂದೆ ಬಿಸಿಲಿಗೆ ಕಣ್ಣು ಕಿರಿದುಮಾಡಿಕೊಂಡು ನಿಂತ ಬೆರಳೆಣಿಕೆಯ ಮಕ್ಕಳು. ಮುಂದೆ ಹೋದಂತೆ ಫೋಟೋಗಳಿಗೆ ಬಣ್ಣ ಬರುತ್ತದೆ, ಮಕ್ಕಳು ಹೆಚ್ಚುತ್ತಾರೆ, ಅರಬರ ಮಕ್ಕಳು, ನಮ್ಮಂಥವರ ಮಕ್ಕಳು. ಯಾವ ಫೋಟೋ ನೋಡಿದರೂ ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು. ಅಲ್ಲಿ ನಿಲ್ಲಲಾಗಲಿಲ್ಲ.

ಟೀಚರಿನ ಹೆಸರು ಫ್ರಾವ್ ಬ್ರುನ್ಸ್. ನನಗಿಂತ ಒಂದು ಮೊಳ ಎತ್ತರ, ವಯಸ್ಸು ನನ್ನದೇ. ಲುಜೈನ್ ದುಭಾಷಿಯಾದಳು.

"ಹೇಳು ಅವರಿಗೆ. ನಾನು ಇವಳ ತಂದೆಯ ತಾಯಿ. ದೊಡ್ಡ ಮನೆ ನಡೆಸಿದವಳು. ನನ್ನನ್ನು ಕೇಳದೆ ನಮ್ಮಲ್ಲಿ ಯಾರೂ ಹೊಸಲು ದಾಟಿದ್ದಿಲ್ಲ. ಈ ಮಗು ನೀರಿಗಿಳಿಯಲು ನನ್ನ ಒಪ್ಪಿಗೆಯಿಲ್ಲ."

ಲುಜೈನ್ ನಾಲ್ಕು ಪದ ಹೇಳಿ ನಿಲ್ಲಿಸಿದಳು.

"ಇಷ್ಟೇ ಎಂತ?"

"ಜರ್ಮನಿನಲ್ಲಿ ಅಷ್ಟೇ ಆಗುವುದು, ಉಮ್ಮಮ್ಮ."

ಟೀಚರ್ ಉದ್ದಕ್ಕೆ ಏನೋ ಹೇಳಿದರು. "ಆಗುವುದಿಲ್ಲಂತೆ," ಎಂದಳು ಲುಜೈನ್.

"ಅಷ್ಟು ಹೊತ್ತು ಮಾತಾಡಿದ್ದು ಇದಕ್ಕಾ?"

"ಅಲ್ಲ. ಸಮುದ್ರದ ಬದಿಯಲ್ಲಿದ್ದು ಈಜು ಬಾರದ ಮಕ್ಕಳನ್ನು ನೋಡಿದರೆ ಅವರಿಗೆ ನಿದ್ದೆ ಬರುವುದಿಲ್ಲಂತೆ. ಹುಡುಗಿಯರಿಗೆ ಬೇರೆಯೇ ಹೊತ್ತು ಉಂಟಂತೆ. ಮೈ ಪೂರ್ತಿ ಮುಚ್ಚುವ ಬಟ್ಟೆ ಹಾಕ್ಬಹುದಂತೆ. ಅವರೇ ನೀರಲ್ಲಿ ಇರ್ತಾರಂತೆ. ಅದೂ ಬೇಡ ಅಂತಾದರೆ ಬೇರೆ ಶಾಲೆ ನೋಡ್ಬೇಕಂತೆ. ನನಗೆ ಬೇರೆ ಶಾಲೆ ಬೇಡ."

ಕೊನೆಯ ಮಾತು ಟೀಚರಿನದಲ್ಲ. ಅವರು ಕಾಫಿ ತರಿಸಿದರು. ನಾನು ಕುಡಿಯಲಿಲ್ಲ.

ಅಕ್ಟೋಬರ್ 7, ಸೋಮವಾರ

ನಾಳೆ.

ಸಂಜೆಯ ಮಗ್ರಿಬ್ ನಮಾಜು ಮುಗಿದ ಮೇಲೆ ಲುಜೈನಳನ್ನು ಮುಂದೆ ಕೂರಿಸಿಕೊಂಡು ಕುರ್‌ಆನಿನ ಕಾವಲಿನ ಆಯತ್, ಆಯತುಲ್ ಕುರ್ಸಿ ಹೇಳಿಸಿದೆ. ಮದ್ರಸದಲ್ಲಿ ಕಲಿತಿದ್ದಾಳೆ, ತಪ್ಪಿಲ್ಲದೆ ಹೇಳಿದಳು. ಮತ್ತೆ ಹೇಳಿಸಿದೆ. ಆಮೇಲೆ ಹೇಳಿದೆ, "ಕಾಲು ನೀರಿಗೆ ತಾಗಿದಲ್ಲಿಂದ ಹಿಡಿದು ಪುನಃ ಒಣ ನೆಲಕ್ಕೆ ಬರುವವರೆಗೆ ಇದು ನಿನ್ನ ಬಾಯಲ್ಲಿ ಇರಬೇಕು. ಮುಗಿದರೆ ಮೊದಲಿನಿಂದ ಶುರು ಮಾಡು. ಯಾರು ಕರೆದರೂ, ಏನಾದರೂ, ನಿಲ್ಲಿಸಬೇಡ. ನಿಲ್ಲಿಸಿದರೆ ನೀರು ಎಳೆದುಕೊಳ್ಳುತ್ತದೆ."

"ಎಳೆದುಕೊಂಡು ಎಲ್ಲಿಗೆ ಹೋಗ್ತದೆ?"

"ಕೇಳಬೇಡ. ನನ್ನ ತಲೆ ಮುಟ್ಟಿ ಹೇಳು, ನಿಲ್ಲಿಸುವುದಿಲ್ಲ ಅಂತ."

ಪುಟ್ಟ ಕೈ ನನ್ನ ತಲೆಯ ಮೇಲಿಟ್ಟು ಹೇಳಿದಳು. ಅವಳ ಕೈ ತಣ್ಣಗಿತ್ತು. ನನಗೆ ಸ್ವಲ್ಪ ಸಮಾಧಾನವಾಯಿತು.

ಅಕ್ಟೋಬರ್ 8, ಮಂಗಳವಾರ

ಬೆಳಿಗ್ಗೆಯಿಂದ ಬಾಲ್ಕನಿ ಬಿಟ್ಟು ಒಳಗೆ ಬರಲಿಲ್ಲ. ಶಾಲೆಯ ಬಸ್ಸು ನಿಂತಿತು. ಇಳಿದಳು. ಕೂದಲು ಒದ್ದೆ. ಅಲ್‌ಹಮ್ದುಲಿಲ್ಲಾಹ್. ಬೇರೇನೂ ಬರೆಯಲು ಶಕ್ತಿಯಿಲ್ಲ.

ಅಕ್ಟೋಬರ್ 15, ಮಂಗಳವಾರ

ಬಂದಳು. ಇವತ್ತು ಬರೀ ಮೆಟ್ಟಿಲ ಹತ್ತಿರ ನಿಂತು ಕಾಲು ಬಡಿದದ್ದಂತೆ. ಊಟ ಸೇರಲಿಲ್ಲ ಅವಳಿಗೆ. "ಮುಂದಿನ ವಾರ ತಲೆ ಮುಳುಗಿಸ್ಬೇಕು, ಉಮ್ಮಮ್ಮ," ಎಂದಳು. "ಓದು ಬಿಡಬೇಡ," ಎಂದೆ. "ಬಿಡುವುದಿಲ್ಲ," ಎಂದಳು.

ಭಟ್ಕಳದವಳು ಬಾಲ್ಕನಿಗೇ ಚಹಾ ತಂದಿಟ್ಟಿದ್ದಳು. ಆರಿಹೋಗಿತ್ತು. ಇನ್ನೊಂದು ತಂದಿಟ್ಟಳು.

ಅಕ್ಟೋಬರ್ 22, ಮಂಗಳವಾರ

ಆಯಿತು. ಏನಾಗುತ್ತದೆ ಎಂದು ಹೆದರಿದ್ದೆನೋ ಅದು ಆಯಿತು.

ಶಾಲೆಯಿಂದ ಫೋನು ಬಂದಾಗ ಸೊಸೆ ತೆಗೆದುಕೊಂಡಳು. ಲುಜೈನ್ ನೀರಿನಲ್ಲಿ ತಲೆ ಮುಳುಗಿಸಿದವಳು ನೀರು ಕುಡಿದುಬಿಟ್ಟಳಂತೆ. ಟೀಚರ್ ಪಕ್ಕದಲ್ಲೇ ಇದ್ದು ತಕ್ಷಣ ಎತ್ತಿದರಂತೆ. ಶಾಲೆಯ ನರ್ಸ್ ನೋಡಿದ್ದಾಳೆ, ಡಾಕ್ಟರೂ ನೋಡಿ ಎದೆ ಚೆನ್ನಾಗಿದೆ ಎಂದಿದ್ದಾರೆ. ಮಗು ಮನೆಗೆ ಬಂದಾಗಲೂ ಕೆಮ್ಮುತ್ತಿತ್ತು. ಕಣ್ಣು ಕೆಂಪು. ನನ್ನನ್ನು ನೋಡಿದ್ದೇ ಏನೋ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು.

ಮುನವ್ವರನಿಗೆ ಫೋನು ಮಾಡಿಸಿದೆ. "ಆ ಶಾಲೆ ಮುಗಿಯಿತು. ಇಂಡಿಯನ್ ಶಾಲೆಗೆ ಹಾಕು. ಅಲ್ಲಿ ನೀರಿಲ್ಲ."

"ಉಮ್ಮ, ಮೂರು ವರ್ಷ ಜರ್ಮನ್ ಕಲಿತ ಮಗು. ಅವಳ ಗೆಳತಿಯರೆಲ್ಲ ಅಲ್ಲೇ..."

"ಗೆಳತಿಯರು ಮಯ್ಯಿತ್ತು ಎತ್ತುವ ದಿನವೂ ಬರುತ್ತಾರೆ. ಕರೆಯಬೇಕಾ?"

ಅಷ್ಟು ಕೆಟ್ಟ ಮಾತನ್ನು ನಾನು ಆಡಿದೆ. "ನೀವು ಹೇಳಿದ ಹಾಗೆ, ಉಮ್ಮ," ಎಂದ. ಅವನು ನನ್ನ ಮಾತು ಮೀರಿದವನಲ್ಲ. ಬಾಗಿಲ ಸಂದಿಯಲ್ಲಿ ಲುಜೈನ್ ನಿಂತಿದ್ದಳು. ಅಳಲಿಲ್ಲ. ಶಾಲೆಯ ಚೀಲವನ್ನು ಎದೆಗೆ ಅವುಚಿಕೊಂಡು ಕೋಣೆಗೆ ಹೋದಳು.

ಅಕ್ಟೋಬರ್ 24, ಗುರುವಾರ

ಸೊಸೆ ಈ ಮನೆಗೆ ಬಂದು ಹತ್ತು ವರ್ಷ. ಇವತ್ತು ಮೊದಲ ಬಾರಿ ನನ್ನೆದುರು ಕುಳಿತು ಮಾತಾಡಿದಳು, ನಿಂತುಕೊಂಡಲ್ಲ.

"ಮಾಮಿ, ಒಂದು ಹೇಳ್ತೇನೆ, ಬೈಯಬೇಡಿ. ನನಗೆ ಈಜು ಬರ್ತದೆ."

"ನಿನಗಾ? ಎಲ್ಲಿ?"

"ಅಜ್ಜನ ಮನೆ ಬಾವಿಯಲ್ಲಿ. ಎರಡು ಒಣ ತೆಂಗಿನಕಾಯಿ ಸಿಪ್ಪೆ ಸಮೇತ ಜೋಡಿಸಿ ಕಟ್ಟಿ, ನಡುವೆ ನನ್ನನ್ನು ಮಲಗಿಸಿ ಬಿಡ್ತಿದ್ದರು. ಮದುವೆ ಮಾತಾಡುವಾಗ ಅಮ್ಮ ಹೇಳಿದ್ದು, ಬ್ಯಾರಿಗಳ ಮನೆಯಲ್ಲಿ ಇದನ್ನು ಬಾಯಿ ಬಿಡಬೇಡ, ಹುಡುಗಿ ಬಾವಿಗೆ ಹಾರುವವಳು ಅಂದುಕೊಳ್ತಾರೆ ಅಂತ."

ನನಗೆ ನಗು ಬಂತು. ಬರಬಾರದಿತ್ತು. ಅವಳೂ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು, "ನಾನು ಬಂದ ಹೊಸತರಲ್ಲಿ ಚಿಪ್ಪಿನ ಮೀನು ಮರುವಾಯಿ ತಂದು ಅಕ್ಕಿಯ ಪುಂಡಿ ಮಾಡಿದ್ದೆ. ನೀವು ಪಾತ್ರೆ ಸಮೇತ ಹೊರಗೆ ಹಾಕಿಸಿದ್ರಿ. ನನ್ನ ಕೈ ಅಡುಗೆ ಅಂತ ಬೇಡವಾಯಿತಾ, ಅಥವಾ ಬೇರೆ ಏನಾದರೂ ಉಂಟಾ?"

ಹತ್ತು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಾಳೆ.

ಹೇಳಿದೆ. ಮುನವ್ವರನಿಗಿಂತ ಮೊದಲು ನನಗೊಬ್ಬಳು ಮಗಳಿದ್ದಳು, ಹಸ್ನಾ. ಎಂಟು ವರ್ಷ. ಎರಡು ಜಡೆ. ಇಳಿತದ ಹೊತ್ತಿಗೆ ಕೇರಿಯ ಮಕ್ಕಳ ಜೊತೆ ಹೊಳೆಗೆ ಮರುವಾಯಿ ಹೆಕ್ಕಲು ಹೋದಳು. ಮೊಣಕಾಲಿನಷ್ಟು ನೀರು. ಅದರಡಿಯಲ್ಲಿ ಮರಳು ತೆಗೆದ ಗುಂಡಿ ಇತ್ತು. ಅವಳು ಹೆಕ್ಕಿದ ಮರುವಾಯಿಯ ಪಾತ್ರೆಯನ್ನು ಯಾರೋ ಮೊದಲು ಮನೆಗೆ ತಂದಿಟ್ಟರು. ಅವಳನ್ನು ಆಮೇಲೆ ತಂದರು.

ಸೊಸೆ ನಾಝಿಯಾ ನನ್ನ ಕೈ ಹಿಡಿದುಕೊಂಡಳು. ಬಿಡಿಸಿಕೊಳ್ಳಬೇಕು ಎಂದುಕೊಂಡೆ, ಹಾಗೇ ಉಳಿಯಿತು.

"ಆದರೂ ಶಾಲೆ ಬೇಡ," ಎಂದೆ. "ಶುಕ್ರ ಶನಿ ರಜೆ ಕಳೆದು ಭಾನುವಾರ ಶಾಲೆ ತೆರೆದಾಗ ಹೋಗಿ ಬಿಡಿಸಿಕೊಂಡು ಬರುತ್ತೇನೆ."

ಅಕ್ಟೋಬರ್ 27, ಭಾನುವಾರ

ಹೋದೆ. ನಾಝಿಯಾಳಿಗೆ ಕಾರಿನಲ್ಲೇ ಇರಲು ಹೇಳಿದೆ. ಇದು ನಾನು ಮಾಡಬೇಕಾದ ಕೆಲಸ. ಫ್ರಾವ್ ಬ್ರುನ್ಸ್ ಲುಜೈನಳನ್ನು ತರಗತಿಯಿಂದ ಕರೆಸಿದರು.

"ಇವಳು ನಾಳೆಯಿಂದ ಬರುವುದಿಲ್ಲ ಎಂದು ಹೇಳು."

ಲುಜೈನ್ ನೆಲ ನೋಡುತ್ತಾ ಹೇಳಿದಳು. ಟೀಚರ್ ತಮ್ಮ ಬಾಯಿಯ ಮುಂದೆ ಬೆರಳು ತಂದು, ತುಟಿ ಅಲ್ಲಾಡಿಸಿ ತೋರಿಸಿ, ನಿಧಾನವಾಗಿ ಏನೋ ಹೇಳಿದರು.

"ಏನಂತೆ?"

"ಏನಿಲ್ಲ."

"ಲುಜೈನ್."

"ನಾನು ನೀರೊಳಗೆ ಬಾಯಿ ಮುಚ್ಚುವುದಿಲ್ಲಂತೆ. ಇಷ್ಟು ವರ್ಷದಲ್ಲಿ ಹಾಗೆ ಮಾಡಿದ ಮಕ್ಕಳನ್ನು ಅವರು ನೋಡಲಿಲ್ಲವಂತೆ. ಎಲ್ಲರೂ ತಮ್ಮಷ್ಟಕ್ಕೇ ಮುಚ್ತಾರಂತೆ. ನಾನು ಯಾರ ಹತ್ತಿರವೋ ಮಾತಾಡುವ ಹಾಗೆ ಬಾಯಿ ಆಡಿಸ್ತೇನಂತೆ. ಯಾರ ಹತ್ತಿರ ಅಂತ ಕೇಳ್ತಿದ್ದಾರೆ."

ನಾನು ಕುರ್ಚಿಯ ಕೈ ಹಿಡಿದುಕೊಂಡೆ.

"ನೀನು ಎಂತ ಹೇಳಿದೆ?"

"ಹಾಡು ಹೇಳ್ತಿದ್ದೆ ಅಂತ ಹೇಳಿದೆ. ನಿಮ್ಮ ಹೆಸರು ಹೇಳಲಿಲ್ಲ, ಉಮ್ಮಮ್ಮ. ಆದರೆ ನಾನು ನಿಲ್ಲಿಸಲಿಲ್ಲ. ನಿಮ್ಮ ತಲೆಯಾಣೆ, ಅವರು ಎತ್ತುವವರೆಗೂ ನಿಲ್ಲಿಸಲಿಲ್ಲ."

ಟೀಚರ್ ಮೇಜಿನ ಮೇಲಿದ್ದ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. ಕುಡಿದೆ. ಬಂದ ಕೆಲಸ ಮಾಡದೆ ಎದ್ದು ಬಂದೆ. ಹಜಾರದಲ್ಲಿ ಗೋಡೆಯ ಕಡೆ ನೋಡಲಿಲ್ಲ.

ಅಕ್ಟೋಬರ್ 28, ಸೋಮವಾರ

ಬರೆಯಲು ಕೂರುತ್ತೇನೆ, ಪುಸ್ತಕ ಮುಚ್ಚಿ ಏಳುತ್ತೇನೆ.

ನವೆಂಬರ್ 3, ಭಾನುವಾರ

ಒಂದು ಹೆದರಿಕೆಯ ಜಾಗಕ್ಕೆ ಇನ್ನೊಂದು ಬಂದಿದೆ. ಲುಜೈನ್ ಸ್ನಾನ ಮಾಡುವುದಿಲ್ಲ.

ಕಳೆದ ಮಂಗಳವಾರ ಕೊಳಕ್ಕೂ ಇಳಿಯಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಕಂಬಿ ಹಿಡಿದುಕೊಂಡಳಂತೆ, ಬಿಡಿಸಲಾಗಲಿಲ್ಲವಂತೆ. ಮನೆಯಲ್ಲಿ ಮುಖ ತೊಳೆಯಲು ಮಾತ್ರ ಒಪ್ಪುತ್ತಾಳೆ. ತಲೆಗೆ ನೀರು ಎಂದರೆ ಕಿರುಚುತ್ತಾಳೆ. ನಾಝಿಯಾ ರಮಿಸಿ ಕೇಳಿದಳು.

"ನೀರು ತಾಗಿದರೆ ಓದಬೇಕಲ್ಲ. ಬಚ್ಚಲಲ್ಲಿ ಆಯತ್ ಓದಬಾರದು ಅಂತ ಉಮ್ಮಮ್ಮನೇ ಹೇಳಿದ್ದು. ಮತ್ತೆ ನಾನು ಹೇಗೆ ಸ್ನಾನ ಮಾಡುವುದು?"

ಎರಡೂ ನಾನೇ ಹೇಳಿದ್ದು. ಎರಡನ್ನೂ ಆ ಮಗು ಪಾಲಿಸುತ್ತಿದೆ. ಈ ಮನೆಯಲ್ಲಿ ಹೇಳುವವಳು ನಾನು ಎಂದು ಮೊದಲ ದಿನ ಬರೆದವಳು ನಾನೇ.

"ಬಾಯಿ ಮುಚ್ಚಿ ಮನಸ್ಸಲ್ಲಿ ಓದು," ಎಂದೆ.

"ಬಾಯಲ್ಲಿ ಇರಬೇಕು ಅಂದ್ರಲ್ಲ. ನಾನು ಆಣೆ ಹಾಕಿದ್ದು ಬಾಯಿಗೆ." ನನ್ನ ಮೊಮ್ಮಗಳೇ ಸರಿ. "ನಾನು ಬಾಯಿ ಮುಚ್ಚಿದರೆ ಓದುವುದು ಯಾರು?"

ಹೊಳೆಗಿಂತ ಹೆಚ್ಚು ಇವತ್ತು ಆ ಮಗುವಿನ ಕಣ್ಣು ನೋಡಿ ಹೆದರಿದೆ. ಹಸ್ನಾ ಹಾಗೆ ಹೆದರಿದವಳಲ್ಲ. ನಗುತ್ತಾ ಹೋದವಳು.

ನಾಝಿಯಾ ಸಂಜೆ ಹೇಳಿದಳು, ಗುರುವಾರ ಶಾಲೆಯ ಕೊಳ ತಾಯಂದಿರಿಗೂ ಹುಡುಗಿಯರಿಗೂ ತೆರೆದಿರುತ್ತದಂತೆ. ಗಂಡಸರಿಗೆ ಪ್ರವೇಶವಿಲ್ಲ. ಅಷ್ಟೇ ಹೇಳಿ ಅಕ್ಕಿ ತೊಳೆಯಲು ಹೋದಳು.

ನವೆಂಬರ್ 6, ಬುಧವಾರ

ನನ್ನ ಮಂಚದ ಮೇಲೆ ಒಂದು ಕಪ್ಪು ಈಜುಡುಗೆ ಇತ್ತು. ಕುತ್ತಿಗೆಯಿಂದ ಪಾದದವರೆಗೆ, ತಲೆಗೆ ಬೇರೆ ಟೋಪಿ. ನಾಝಿಯಾ ನನ್ನ ಅಳತೆ ಕೇಳಿರಲಿಲ್ಲ. ಬಾಗಿಲು ಹಾಕಿಕೊಂಡು ತೊಟ್ಟು ನೋಡಿದೆ. ಸರಿಯಾಗಿದೆ.

ತೆಗೆದು ಮಡಚಿ ಕಪಾಟಿನ ತಳದಲ್ಲಿಟ್ಟೆ. ಅರವತ್ತೆರಡು ವರ್ಷದ ಹಜ್ಜುಮ್ಮ. ಕೇರಿಯವರು ಕೇಳಿದರೆ ಏನೆಂದಾರು!

ಮತ್ತೆ ಹೊರಗೆ ತೆಗೆದೆ.

ನವೆಂಬರ್ 7, ಗುರುವಾರ

ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಬೆಲ್ಟು ಹಾಕುವುದು ಹೇಗೆಂದು ತಿಳಿಯಲಿಲ್ಲ, ನಾಝಿಯಾ ಹಾಕಿಕೊಟ್ಟಳು. ಹಿಂದೆ ಲುಜೈನ್ ಉಗುರು ಕಚ್ಚುತ್ತಿದ್ದಳು.

ಕೊಳದ ಮನೆಯೊಳಗೆ ಹೊಕ್ಕಾಗ ಮೂಗಿಗೆ ಔಷಧಿಯ ವಾಸನೆ. ನೀರು ತಳದವರೆಗೆ ಕಾಣುತ್ತಿತ್ತು. ಹೊಳೆ ಹಾಗಿರಲಿಲ್ಲ. ಏಳೆಂಟು ಹೆಂಗಸರು, ಅವರ ಮಕ್ಕಳು, ಗದ್ದಲ. ಫ್ರಾವ್ ಬ್ರುನ್ಸ್ ಅಂಚಿನಲ್ಲಿ ನಿಂತಿದ್ದವರು ನನ್ನ ಉಡುಪು ನೋಡಿ ಏನೂ ಹೇಳದೆ ಕಂಬಿಯ ಹತ್ತಿರ ಬಂದು ನಿಂತರು.

ನಾಝಿಯಾ ಮೊದಲು ಇಳಿದಳು. ನಾಲ್ಕು ಸಲ ಕೈ ಬೀಸಿ ಆ ಬದಿಗೆ ಹೋಗಿ ತಿರುಗಿ ಬಂದಳು. ಬಾವಿಯ ಹುಡುಗಿ. ಬೇರೆ ಹೊತ್ತಿನಲ್ಲಾದರೆ ನೋಡುತ್ತಾ ಕೂರಬಹುದಿತ್ತು.

ನಾನು ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಬೆಚ್ಚಗಿತ್ತು. ಎರಡನೆಯದು. ನೀರು ಮೊಣಕಾಲಿಗೆ ಬಂತು. ಅಡಿಯಲ್ಲಿ ಗುಂಡಿಯಿದ್ದರೆ ಎಂದು ಪ್ರತಿ ಹೆಜ್ಜೆಯಲ್ಲೂ ಪಾದದಿಂದ ತಡವಿದೆ. ಹೆಂಚು, ಹೆಂಚು, ಹೆಂಚು. ಸೊಂಟದವರೆಗೆ ಇಳಿದು ಕಂಬಿ ಹಿಡಿದು ನಿಂತೆ. ಆಮೇಲೆ ಮೊಮ್ಮಗಳನ್ನು ಕರೆದೆ.

"ಲುಜೈನ್, ಕೇಳು. ಆಣೆ ನನ್ನ ತಲೆಯದ್ದು, ನಾನೇ ಅದನ್ನು ವಾಪಸ್ಸು ತೆಗೆದುಕೊಂಡೆ. ಇನ್ನು ನೀನು ಬಾಯಿ ಮುಚ್ಚುವುದು. ಓದುವ ಕೆಲಸ ನನ್ನದು."

"ನೀವು ನಡುವೆ ನಿಲ್ಲಿಸಿದರೆ?"

"ನಾನು ಮಾತು ನಿಲ್ಲಿಸಿದ್ದನ್ನು ಯಾವತ್ತಾದರೂ ನೋಡಿದ್ದೀಯಾ?"

ಅವಳು ಯೋಚಿಸಿದಳು. "ಇಲ್ಲ," ಎಂದಳು. ನಾಝಿಯಾ ಆ ಕಡೆ ಮುಖ ತಿರುಗಿಸಿ ನಕ್ಕದ್ದು ನನಗೆ ಕಂಡಿತು.

ಮಗು ಮೆಟ್ಟಿಲಿಳಿದು ನಮ್ಮಿಬ್ಬರ ನಡುವೆ ಬಂತು. ನನ್ನ ಬೆರಳು ಮುರಿಯುವಷ್ಟು ಬಿಗಿಯಾಗಿ ಹಿಡಿದುಕೊಂಡಿತು. ನಾನು ಗಟ್ಟಿಯಾಗಿ ಓದಲು ಶುರುಮಾಡಿದೆ. ಸುತ್ತಲಿನ ಗದ್ದಲ ನಿಂತಿತು. ಲುಜೈನ್ ತುಟಿ ಒತ್ತಿ, ಕಣ್ಣು ಮುಚ್ಚಿ, ನನ್ನ ಬೆರಳು ಬಿಟ್ಟು ಕೆಳಗೆ ಹೋದಳು.

ಅವಳ ಎರಡು ಜಡೆ ನೀರಿನ ಮೇಲೆ ತೇಲಿದವು.

ನನ್ನ ನಾಲಗೆ ಅಲ್ಲೇ ಅಂಟಿಕೊಂಡಿತು. ಮುಂದಿನ ಪದ ಬರಲಿಲ್ಲ. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಆಯತ್, ಒಂದು ಅಕ್ಷರವೂ ಇಲ್ಲ. ಬಾಯಿ ತೆರೆದು ನಿಂತಿದ್ದೆ, ಸದ್ದಿಲ್ಲ.

ಮಗು ಮೇಲೆ ಬಂತು. ತಾನಾಗಿಯೇ. ಉಫ್ ಎಂದು ಗಾಳಿ ಬಿಟ್ಟಿತು, ಕೆಮ್ಮಲಿಲ್ಲ.

"ಓದಿದ್ರಾ?"

ಹೌದು ಎನ್ನಬಹುದಿತ್ತು. ನಾಝಿಯಾಳೂ ಬಿಟ್ಟುಕೊಡುತ್ತಿರಲಿಲ್ಲ.

"ಇಲ್ಲ," ಎಂದೆ. "ನಡುವೆ ನಿಂತುಹೋಯಿತು. ಹೆದರಿದೆ."

ಅವಳು ಮುಖದ ನೀರು ಒರೆಸಿಕೊಂಡು ನನ್ನನ್ನೇ ನೋಡಿದಳು. "ಆದರೂ ನಾನು ಬಂದೆ."

"ಆದರೂ ನೀನು ಬಂದೆ. ಕಾಯುವವನು ನನ್ನ ನಾಲಗೆಯನ್ನು ನಂಬಿ ಕುಳಿತಿಲ್ಲ ಅಂತ ಕಾಣುತ್ತದೆ."

"ಇನ್ನೊಮ್ಮೆ ಹೋಗ್ಲಾ?"

ನಾನು ಉತ್ತರಿಸುವ ಮೊದಲೇ ಹೋದಳು.

ನವೆಂಬರ್ 12, ಮಂಗಳವಾರ

ಮೊನ್ನೆ ಮುನವ್ವರನಿಗೆ ಹೇಳಿದೆ, ಇಂಡಿಯನ್ ಶಾಲೆಯ ಮಾತು ಬಿಡು ಎಂದು. ಕಾರಣ ಕೇಳಿದ. ನಾನು ಕಾರಣ ಹೇಳುವವಳಲ್ಲ ಎಂದೆ.

ಬೆಳಿಗ್ಗೆ ಈಜಿನ ಚೀಲವನ್ನು ನಾನೇ ತುಂಬಿದೆ. ಟವಲು, ಟೋಪಿ, ಕನ್ನಡಕ. ಲುಜೈನ್ ಬಾಗಿಲಲ್ಲಿ ನಿಂತು ಎರಡು ತುಟಿಗಳನ್ನು ಒಳಕ್ಕೆ ಎಳೆದು ಬಿಗಿಯಾಗಿ ಮುಚ್ಚಿ ತೋರಿಸಿದಳು. ತಲೆ ಸವರಿ ಕಳುಹಿಸಿದೆ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಅದೇ ಹೆದರಿಕೆ, ಸೆಪ್ಟೆಂಬರಿ‌ನಲ್ಲಿ ಇದ್ದಷ್ಟೇ. ಅದು ಹೋಗುವಂಥದ್ದಲ್ಲ.

ಬಾಲ್ಕನಿಯಲ್ಲಿ ಕೂರಲಿಲ್ಲ. ನಾಝಿಯಾ ಅಡುಗೆಮನೆಯಲ್ಲಿ ಮರುವಾಯಿ ತೊಳೆಯುತ್ತಿದ್ದಳು. ನಿನ್ನೆ ಮೀನಿನ ಮಾರುಕಟ್ಟೆಯಿಂದ ತರಲು ನಾನೇ ಹೇಳಿದ್ದೆ. ಊರಿನಿಂದ ತಂದ ಮೆಟ್ಟುಕತ್ತಿಯನ್ನು ಎಳೆದುಕೊಂಡು ಅವಳ ಪಕ್ಕದಲ್ಲಿ ಕುಳಿತೆ. ಮೊದಲನೆಯದನ್ನು ಸೀಳಿದೆ.